ಅಬ್ಬೆಗೆ ಓದಲು ಬಾರದ ಕನ್ನಡ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ನಿಮ್ಮ ಪತ್ರಿಕೆಯ ಓದುಗರ ಪತ್ರಗಳಲ್ಲಿ ಮೊಬೈಲಿನ ವಿಷಯ ಆಗಾಗ ಬರುತ್ತದೆ. ಮಕ್ಕಳು ಉಣ್ಣುವಾಗಲೂ ಫೋನು ಕೆಳಗಿಡುವುದಿಲ್ಲ, ನೆಂಟರು ಬಂದರೆ ತಲೆ ಎತ್ತಿ ನೋಡುವುದಿಲ್ಲ ಅಂತ. ಅದೆಲ್ಲ ನಿಜವೇ. ನಾನು ಹೇಳಬೇಕೆಂದಿರುವುದು ಬೇರೆ. ನಮ್ಮ ಮನೆಯಲ್ಲಿ ತಪ್ಪು ಮಾಡಿದವರು ದೊಡ್ಡವರು. ನಾನೂ ಅವರಲ್ಲಿ ಒಬ್ಬಳು. ಐದು ವರ್ಷ ಅದೇ ತಪ್ಪು ಮಾಡಿದೆವು, ಒಬ್ಬರಿಗೂ ಗೊತ್ತಾಗಲಿಲ್ಲ.

ಬದಿಯಡ್ಕದ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. 2003 ರಲ್ಲಿ ಶುರು ಮಾಡಿದ್ದು. ಹೇಳಿಕೆ ಕಾಗದ (ಆಮಂತ್ರಣ ಪತ್ರ) ಟೈಪ್ ಮಾಡುತ್ತೇನೆ, ಅರ್ಜಿ ತುಂಬಿಸುತ್ತೇನೆ, ಲ್ಯಾಮಿನೇಷನ್, ರೀಚಾರ್ಜ್ ಎಲ್ಲ ಉಂಟು. ಕನ್ನಡ, ಮಲಯಾಳಂ, ಇಂಗ್ಲಿಷ್ ಮೂರರಲ್ಲೂ ಟೈಪ್ ಮಾಡಿ ಕೊಡುತ್ತೇನೆ. ಬಂದವರು ತುಳುವಿನಲ್ಲಿ ಮಾತಾಡಿದರೆ ತುಳು, ಮಲಯಾಳದಲ್ಲಿ ಮಾತಾಡಿದರೆ ಮಲಯಾಳ. ಕಾಸರಗೋಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನನ್ನ ಅಮ್ಮನಿಗೆ ಈಗ 79. ನಮ್ಮ ಹವ್ಯಕ ಭಾಷೆಯಲ್ಲಿ ನಾವು ಅಬ್ಬೆ ಅನ್ನುತ್ತೇವೆ. ಇಲ್ಲೂ ಹಾಗೇ ಬರೆಯುತ್ತೇನೆ, ಬೇರೆ ಹೆಸರಿನಲ್ಲಿ ಅವಳ ವಿಷಯ ಬರೆಯಲು ಕೈ ಓಡುವುದಿಲ್ಲ. ಪೆರ್ಲ ಕಡೆಯ ತರವಾಡು ಮನೆಯಲ್ಲಿ, ಅಂದರೆ ನಮ್ಮ ಕುಟುಂಬದ ಮೂಲ ಮನೆಯಲ್ಲಿ, ಅಣ್ಣ ಅತ್ತಿಗೆ ಜೊತೆ ಇದ್ದಾಳೆ. ಓದಿದ್ದು ಐದನೆಯ ಕ್ಲಾಸು. 1956 ರ ನವೆಂಬರ್ 1 ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಅವಳು ಹತ್ತು ವರ್ಷದ ಹುಡುಗಿ. ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಅಕ್ಷರ ಕಲಿಯಲು ಹೋದವಳು, ಕೇರಳದಲ್ಲಿ ಶಾಲೆ ಬಿಟ್ಟಳು. ನಡುವೆ ಸ್ಲೇಟು ಬದಲಾಗಲಿಲ್ಲ, ಅದರ ಮೇಲಿನ ಅಕ್ಷರವೂ ಬದಲಾಗಲಿಲ್ಲ ಅಂತ ಈಗಲೂ ಹೇಳುತ್ತಾಳೆ.

ಅಬ್ಬೆ ನಿಮ್ಮ ಪತ್ರಿಕೆಯನ್ನು ಪೂರ್ತಿ ಓದುತ್ತಾಳೆ. ಬೆಳಗ್ಗೆ ಬಸ್ಸಿನಲ್ಲಿ ಬಂದ ಪೇಪರು ಮನೆಗೆ ಮುಟ್ಟುವಾಗ ಹತ್ತು ಗಂಟೆ. ಮೊದಲು ನಿಧನ ವಾರ್ತೆ, ಆಮೇಲೆ ಅಡಿಕೆ ಧಾರಣೆ, ಆಮೇಲೆ ನೀವು ಸಣ್ಣ ಅಕ್ಷರದಲ್ಲಿ ಹಾಕುವ ದೇವಸ್ಥಾನದ ಕಾರ್ಯಕ್ರಮಗಳು. ಜಾಹೀರಾತನ್ನೂ ಬಿಡುವುದಿಲ್ಲ. ಓದಲು ಬಾರದವಳಲ್ಲ ಅಂತ ಹೇಳುವುದಕ್ಕೆ ಇಷ್ಟು ಬರೆದೆ. ಓದುವುದರಲ್ಲಿ ನನಗಿಂತ ಚುರುಕು.

2019 ರ ಚೌತಿಗೆ ನಾವೆಲ್ಲ ಸೇರಿ ಅವಳಿಗೆ ಒಂದು ಸ್ಮಾರ್ಟ್‌ಫೋನ್ ಕೊಡಿಸಿದೆವು. ಮೊಮ್ಮಕ್ಕಳು ಬೆಂಗಳೂರು, ಪುಣೆ, ತ್ರಿಶ್ಶೂರು, ದುಬೈ ಅಂತ ಚದುರಿ ಹೋಗಿದ್ದಾರೆ. ಎಲ್ಲರನ್ನೂ ಸೇರಿಸಿ ವಾಟ್ಸ್‌ಆ್ಯಪಿನಲ್ಲಿ 'ತರವಾಡು ಮನೆ' ಅಂತ ಗ್ರೂಪು ಮಾಡಿದೆವು. ಒಟ್ಟು 31 ಜನ. ಅಬ್ಬೆಯನ್ನು ಸೇರಿಸಿದ ದಿನ ಎಲ್ಲರೂ ಹೂವು, ಹೃದಯ, ಚಪ್ಪಾಳೆ ಕಳಿಸಿದರು. ಅಬ್ಬೆ ಕೈ ಮುಗಿಯುವ ಚಿತ್ರ ಕಳಿಸಿದಳು. ಅದು ಹೇಗೆ ಕಳಿಸುವುದೆಂದು ಅತ್ತಿಗೆ ತೋರಿಸಿಕೊಟ್ಟಿದ್ದರು.

ಅಲ್ಲಿಂದ ಮುಂದೆ ಯಾರು ಏನು ಹಾಕಿದರೂ ಅಬ್ಬೆಯಿಂದ ಎರಡು ಕೈ ಬರುತ್ತಿತ್ತು. ಮಾಣಿಗೆ (ಹುಡುಗನಿಗೆ) ಕೆಲಸ ಸಿಕ್ಕಿತು ಅಂದರೆ ಕೈ. ಕೂಸಿನ (ಹುಡುಗಿಯ) ಪರೀಕ್ಷೆ ಮುಗಿಯಿತು ಅಂದರೆ ಕೈ. ಕೆಲವೊಮ್ಮೆ ಮೈಕ್ ಒತ್ತಿ ಮಾತು ಕಳಿಸುತ್ತಿದ್ದಳು. ನಮಗೆಲ್ಲ ಖುಷಿ. ಈ ವಯಸ್ಸಿನಲ್ಲೂ ಎಷ್ಟು ಚೆನ್ನಾಗಿ ಕಲಿತರು ನೋಡಿ ಅಂತ ಅಂಗಡಿಗೆ ಬಂದವರ ಹತ್ತಿರ ನಾನೇ ಹೇಳಿಕೊಂಡಿದ್ದೇನೆ.

ಕಳೆದ ವರ್ಷ ಮಳೆಗಾಲದಲ್ಲಿ ವಿಟ್ಲದ ಕಡೆ ಇರುವ ಅಬ್ಬೆಯ ಚಿಕ್ಕಮ್ಮನ ಮಗಳು ತೀರಿಹೋದರು. ಇಬ್ಬರೂ ಒಂದೇ ಪ್ರಾಯದವರು, ಒಟ್ಟಿಗೆ ಬೆಳೆದವರು. ರಾತ್ರಿ ಹೊತ್ತು ಸುದ್ದಿ ಬಂತು. ಯಾರೋ ಒಬ್ಬರು ಗ್ರೂಪಿಗೆ ಹಾಕಿದರು. ಒಂದು ಮದುವೆಯಲ್ಲಿ ತೆಗೆದ ಅವರ ಫೋಟೊ, ಕೆಳಗೆ ನಾಲ್ಕು ಸಾಲು. ಒಬ್ಬೊಬ್ಬರಾಗಿ 'ಓಂ ಶಾಂತಿ' ಬರೆದರು.

ಬೆಳಗ್ಗೆ ಐದೂವರೆಗೆ ಅಬ್ಬೆಯ ಎರಡು ಕೈ ಬಂತು. ಅದರ ಹಿಂದೆಯೇ ಒಂದು ಮಾತು. "ಫಟ ಭಾರೀ ಲಾಯ್ಕ ಬೈಂದು. ಏವಗ ತೆಗದ್ದು?"

ಫೋಟೊ ತುಂಬ ಚೆನ್ನಾಗಿ ಬಂದಿದೆ, ಯಾವಾಗ ತೆಗೆದದ್ದು ಅಂತ.

ಗ್ರೂಪಿನಲ್ಲಿ ಒಬ್ಬರೂ ಮಾತಾಡಲಿಲ್ಲ. ಆಮೇಲೆ ನನ್ನ ಸಂಬಂಧಿಕರೊಬ್ಬರು ನನಗೆ ಬೇರೆಯಾಗಿ ಫೋನು ಮಾಡಿ, ಅತ್ತೆಗೆ ಅರಳುಮರಳು ಶುರುವಾದ ಹಾಗೆ ಕಾಣ್ತದೆ, ಡಾಕ್ಟರಿಗೆ ತೋರಿಸುವುದು ಒಳ್ಳೆಯದು ಅಂದರು. ನಾನೂ ಹಾಗೇ ಅಂದುಕೊಂಡೆ. ಅಂಗಡಿಗೆ ಬೀಗ ಹಾಕಿ ತರವಾಡು ಮನೆಗೆ ಹೋದೆ.

ಅಬ್ಬೆ ಜಗಲಿಯಲ್ಲಿ ಕೂತು ಪೇಪರ್ ಓದುತ್ತಿದ್ದಳು. ತಲೆ ಸ್ವಚ್ಛವಾಗಿತ್ತು. ನಾನು ಅವಳ ಫೋನು ತೆಗೆದು ಆ ಫೋಟೊ ತೋರಿಸಿ, ಕೆಳಗೆ ಬರೆದದ್ದು ಓದಿದಿಯಾ ಅಂತ ಕೇಳಿದೆ. "ಎನಗೆ ಓದ್ಲೆ ಬತ್ತಿಲ್ಲೆ ಮಗಳೆ. ಅದು ಇಂಗ್ಲೀಷಲ್ದೋ?" ಅಂದಳು.

ಅದು ಇಂಗ್ಲಿಷ್ ಆಗಿರಲಿಲ್ಲ. ನಮ್ಮದೇ ಭಾಷೆ, ಇಂಗ್ಲಿಷ್ ಅಕ್ಷರದಲ್ಲಿ. ನಾವು 30 ಜನ ಐದು ವರ್ಷ ಬರೆದದ್ದೆಲ್ಲ ಹಾಗೆಯೇ. ನಾನು ಹಿಂದಕ್ಕೆ ಜಾರಿಸುತ್ತ ಹೋದೆ, ಬೆರಳು ನೋವಾಗುವಷ್ಟು. ಮೊಮ್ಮಕ್ಕಳು 'ಅಜ್ಜಿ ಹೇಗಿದ್ದೀರಿ' ಅಂತ ಕೇಳಿದ್ದು, ಹುಟ್ಟುಹಬ್ಬಕ್ಕೆ ಉದ್ದುದ್ದ ಬರೆದದ್ದು, ದುಬೈಯಿಂದ ಅಳಿಯ ತನ್ನ ರೂಮಿನ ಬಾಲ್ಕನಿಯಲ್ಲಿ ಬಸಳೆ ಬೆಳೆಸಿದ ಕತೆ ಬರೆದದ್ದು. ಯಾವುದನ್ನೂ ಅಬ್ಬೆ ಓದಿರಲಿಲ್ಲ. ಚಿತ್ರ ನೋಡಿ ಕೈ ಮುಗಿದಿದ್ದಳು, ಅಷ್ಟೆ.

ಐದು ವರ್ಷ ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ನಿಂಗೊ ಎಲ್ಲ ಕಲ್ತವು. ನಿಂಗಳ ನಿಂಗಳೊಳ ಮಾತಾಡಿಗೊಂಬದು ಹೇಳಿ ಗ್ರೇಶಿದೆ" ಅಂದಳು. ನೀವೆಲ್ಲ ಓದಿದವರು, ನಿಮ್ಮ ನಿಮ್ಮೊಳಗೆ ಮಾತಾಡಿಕೊಳ್ಳುವುದು ಅಂದುಕೊಂಡೆ ಅಂತ. ಆಮೇಲೆ ಆ ಫೋಟೊ ಯಾಕೆ ಹಾಕಿದ್ದೆಂದು ನಾನೇ ಅವಳಿಗೆ ಹೇಳಬೇಕಾಯಿತು. ತನ್ನ ಜೊತೆ ಆಡಿ ಬೆಳೆದವಳು ಹೋದ ಸುದ್ದಿ ಅವಳಿಗೆ ಮುಟ್ಟುವಾಗ ಅಲ್ಲಿ ಬೆಂಕಿ ಆರಿತ್ತು.

ಮನೆಗೆ ಬಂದ ಮೇಲೆ ಹಳೆಯದೊಂದು ನೆನಪಾಯಿತು. 2020 ರ ಮಾರ್ಚ್‌ನಲ್ಲಿ ಕೊರೋನಾ ಬಂದು ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿತ್ತಲ್ಲ. ಒಳರಸ್ತೆಗಳಿಗೂ ಲೋಡುಗಟ್ಟಲೆ ಮಣ್ಣು ಸುರಿದಿದ್ದರು. ಮಂಗಳೂರಿನ ಆಸ್ಪತ್ರೆಯನ್ನೇ ನಂಬಿಕೊಂಡಿದ್ದ ನಮ್ಮ ಕಡೆಯ ರೋಗಿಗಳು ದಾರಿಯಲ್ಲೇ ಜೀವ ಬಿಟ್ಟರು. ಏಪ್ರಿಲಿನಲ್ಲಿ ಉಕ್ಕಿನಡ್ಕದ ಮೆಡಿಕಲ್ ಕಾಲೇಜು ಕಟ್ಟಡದಲ್ಲಿ ಕೋವಿಡ್ ಆಸ್ಪತ್ರೆ ತೆರೆಯುವವರೆಗೆ ನಮಗೆ ಹತ್ತಿರದಲ್ಲಿ ದೊಡ್ಡ ಆಸರೆ ಇರಲಿಲ್ಲ. ಆ ದಿನಗಳಲ್ಲಿ ರಸ್ತೆಗೆ ಅಡ್ಡ ಬಿದ್ದ ಮಣ್ಣಿನ ರಾಶಿಯ ಫೋಟೊ ಗ್ರೂಪಿಗೆ ಬಂದಿತ್ತು. ಅಬ್ಬೆ ಅಣ್ಣನ ಹತ್ತಿರ "ಎಲ್ಲಿ ಗುಡ್ಡೆ ಜರುದ್ದು?" ಅಂತ ಕೇಳಿದಳಂತೆ. ಗುಡ್ಡ ಕುಸಿದದ್ದು ಎಲ್ಲಿ ಅಂತ. ಅಣ್ಣ ನಕ್ಕು, ಗುಡ್ಡೆ ಅಲ್ಲ, ಗಡಿ ಅಂದನಂತೆ. ನಾವೂ ಕೇಳಿ ನಕ್ಕಿದ್ದೆವು. ಆ ಪ್ರಶ್ನೆ ಯಾಕೆ ಬಂತೆಂದು ಅವತ್ತೇ ಯೋಚಿಸಬಹುದಿತ್ತು.

ಇನ್ನೊಂದು ವಿಷಯ ನನ್ನನ್ನು ರಾತ್ರಿ ನಿದ್ದೆ ಮಾಡಲು ಬಿಡಲಿಲ್ಲ. ಅಬ್ಬೆಯ ಫೋನಿನಲ್ಲಿ ಕನ್ನಡ ಅಕ್ಷರದ ಮೆಸೇಜುಗಳೂ ಬೇಕಾದಷ್ಟಿದ್ದವು. ಎಲ್ಲ ಫಾರ್ವರ್ಡ್. ಬಿಸಿನೀರಿಗೆ ಇಂಥದ್ದು ಹಾಕಿ ಕುಡಿದರೆ ಕಾಯಿಲೆ ಹೋಗುತ್ತದೆ ಅನ್ನುವುದು, ಇದನ್ನು 11 ಜನರಿಗೆ ಕಳಿಸಿದರೆ ಸಂಜೆಯೊಳಗೆ ಶುಭ ಸುದ್ದಿ ಅನ್ನುವುದು, ಯಾವುದೋ ಊರಿನಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವುದು. ಯಾರೋ ಎಲ್ಲೋ ಕೂತು ಅಚ್ಚುಕಟ್ಟಾಗಿ ಕನ್ನಡದಲ್ಲಿ ಟೈಪ್ ಮಾಡಿದ್ದು. ಅಬ್ಬೆ ಅವನ್ನೆಲ್ಲ ಅಕ್ಷರ ಬಿಡದೆ ಓದಿದ್ದಾಳೆ, ನಂಬಿಯೂ ಇದ್ದಾಳೆ. ಸುಳ್ಳು ಸುದ್ದಿ ಹರಡದಿರಲಿ ಅಂತ ವಾಟ್ಸ್‌ಆ್ಯಪಿನವರು 2018 ರಲ್ಲಿ ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡುವ ಮಿತಿ ಹಾಕಿದರು. 2020 ರ ಏಪ್ರಿಲಿನಲ್ಲಿ ತುಂಬ ಸಲ ಕೈ ದಾಟಿ ಬಂದದ್ದನ್ನು ಒಂದೇ ಕಡೆಗೆ ಕಳಿಸಬಹುದು ಅಂತ ಬಿಗಿ ಮಾಡಿದರು. ಒಳ್ಳೆಯದೇ. ಆದರೆ ಗುರುತು ಪರಿಚಯ ಇಲ್ಲದವನ ಸುಳ್ಳು ಅವಳಿಗೆ ಓದಲು ಬರುವ ಅಕ್ಷರದಲ್ಲಿ, ಸ್ವಂತ ಮೊಮ್ಮಗನ ಕ್ಷೇಮ ಸಮಾಚಾರ ಓದಲು ಬಾರದ ಅಕ್ಷರದಲ್ಲಿ ಬಂದರೆ ಆ ಮುದುಕಿ ಯಾರನ್ನು ನಂಬಬೇಕು ಹೇಳಿ?

ನನಗೆ ಜಾಸ್ತಿ ನಾಚಿಕೆಯಾದದ್ದು ನನ್ನ ಕಸುಬಿನ ಕಾರಣಕ್ಕೆ. ದಿನಾ ಕನ್ನಡ ಟೈಪ್ ಮಾಡಿ ಹೊಟ್ಟೆ ಹೊರೆಯುವವಳು ನಾನು. ಬೇರೆಯವರ ಮದುವೆಗೆ 'ಶ್ರೀ ಗಣೇಶಾಯ ನಮಃ' ಅಂತ ಅಂದವಾಗಿ ಹೊಂದಿಸಿ ಕೊಟ್ಟು, ಅದೇ ಕುರ್ಚಿಯಲ್ಲಿ ಕೂತು ಅಬ್ಬೆಗೆ ಇಂಗ್ಲಿಷ್ ಅಕ್ಷರದಲ್ಲಿ 'ಉಂಡಾತಾ' ಅಂತ ಬರೆಯುತ್ತಿದ್ದೆ. ಸುಮ್ನೆ ಅಭ್ಯಾಸಬಲ. ಫೋನು ತೆರೆದಾಗ ಇಂಗ್ಲಿಷ್ ಕೀಲಿಮಣೆ ಇತ್ತು, ಬರೆದೆ.

ಕಂಪ್ಯೂಟರಿನಲ್ಲಿ ಕನ್ನಡಕ್ಕೆ ಎಷ್ಟು ಕಷ್ಟವಿತ್ತು ಅಂತ ನೋಡಿದವಳು ನಾನು. ಅಂಗಡಿ ಇಟ್ಟ ಹೊಸದರಲ್ಲಿ ಬರಹ, ನುಡಿ ತಂತ್ರಾಂಶಗಳಲ್ಲಿ ಟೈಪ್ ಮಾಡುತ್ತಿದ್ದೆ. ಅವು ಬಂದದ್ದೇ ದೊಡ್ಡ ಉಪಕಾರ. ಆದರೆ ಆಗಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದಂಥವು. ಇಲ್ಲಿ ಚಂದ ಕಾಣುತ್ತಿದ್ದ ಹೇಳಿಕೆ ಕಾಗದವನ್ನು ಮಂಗಳೂರಿನ ಪ್ರೆಸ್ಸಿಗೆ ಮೇಲ್ ಮಾಡಿದರೆ, ಅವರಲ್ಲಿ ಅದೇ ಫಾಂಟ್ ಇಲ್ಲದಿದ್ದರೆ, ಬರೀ ಇಂಗ್ಲಿಷ್ ಅಕ್ಷರ ಚೆಲ್ಲಾಪಿಲ್ಲಿ ಬಿದ್ದ ಹಾಗೆ ಕಾಣುತ್ತಿತ್ತು. ಪ್ರಿಂಟ್ ತೆಗೆದು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದ್ದೂ ಉಂಟು. ಯೂನಿಕೋಡ್ ಬಳಕೆಗೆ ಬಂದ ಮೇಲೆ ಆ ಕಷ್ಟ ತೀರಿತು. ಅದರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಸ್ವಂತ ನಂಬರು ಇದೆ, ಜಗತ್ತಿನ ಯಾವ ಫೋನಿಗೆ ಹೋದರೂ ಅದೇ ನಂಬರು. 'ಅ' ಅಂದರೆ 3205. 'ಕ' ಅಂದರೆ 3221. 'ಲ' ಗೆ 3250, 'ಳ' ಗೆ 3251. ಮಂಗಳೂರು ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಕನ್ನಡ ಉಚ್ಚಾರಕ್ಕೆ ಹೊಂದುವ ಕೀಲಿಮಣೆಯ ವಿನ್ಯಾಸ ಮಾಡಿಕೊಟ್ಟರು. ನಮ್ಮ ಪಕ್ಕದೂರಿನವರೇ ಅಲ್ವಾ. ಇಷ್ಟೆಲ್ಲ ಆಗಿ, ಕನ್ನಡ ಈಗ ಅಂಗೈಯಲ್ಲಿ ಇರುವಾಗ, ನಾವು 'ಲ' ಕ್ಕೂ 'ಳ' ಕ್ಕೂ ಒಂದೇ ಇಂಗ್ಲಿಷ್ 'ಎಲ್' ಒತ್ತಿ ಮುಗಿಸುತ್ತೇವೆ.

ಅದರಿಂದ ಆಗುವ ಎಡವಟ್ಟು ಒಂದೆರಡಲ್ಲ. ಮೂರು ವರ್ಷ ಹಿಂದೆ ತರವಾಡು ಮನೆಯಲ್ಲಿ ಒಂದು ಉಪನಯನ ಇತ್ತು. ಅಡುಗೆ ಸಾಮಾನಿನ ಜವಾಬ್ದಾರಿ ಹೊತ್ತಿದ್ದ ತಂಗಿಯ ಮಗ ಗ್ರೂಪಿನಲ್ಲಿ ಒಂದು ಪ್ರಶ್ನೆ ಹಾಕಿದ. ಬಿ, ಇ, ಎಲ್, ಇ ನಾಲ್ಕು ಅಕ್ಷರ, ಮುಂದೆ 'ಎಷ್ಟು' ಅಂತ. ಅವನು ಕೇಳಿದ್ದು ಸಾರಿಗೆ ಬೇಳೆ ಎಷ್ಟು ಬೇಕು ಅಂತ. ಅಣ್ಣ ಅದನ್ನು ಬೆಲೆ ಅಂತ ಓದಿ ಅವತ್ತಿನ ಹೊಸ ಅಡಿಕೆಯ ಧಾರಣೆ ಬರೆದ. ಭಾವ ಬೆಳೆ ಅಂತ ತಿಳಿದು, ಈ ಸಲ ಕೊಳೆರೋಗ ಬಂದು ಏನೂ ಇಲ್ಲ ಅಂತ ಬರೆದರು. ತುಳು ಮಾತಾಡುವ ನೆರೆಮನೆಯವರೂ ಆ ಗ್ರೂಪಿನಲ್ಲಿದ್ದರು. ತುಳುವಿನಲ್ಲಿ ಬೇಲೆ ಅಂದರೆ ಕೆಲಸ. ನಾಳೆ ಬೆಳಗ್ಗೆ ಬರುತ್ತೇವೆ, ಚಪ್ಪರದ ಕೆಲಸ ಜಾಸ್ತಿ ಇಲ್ಲ ಅಂತ ಅವರು ಉತ್ತರಿಸಿದರು. ನಾಲ್ಕು ಅಕ್ಷರಕ್ಕೆ ನಾಲ್ಕು ಅರ್ಥ. ಕನ್ನಡ ಅಕ್ಷರದಲ್ಲಿ ಬರೆದಿದ್ದರೆ ಮಗು ಕೂಡ ತಪ್ಪು ಓದುತ್ತಿರಲಿಲ್ಲ.

ಫೋನು ಕೂಡ ನಾವು ಯಾರು ಅಂತ ಅಳೆಯುತ್ತದೆ. ಯಾವ ಭಾಷೆಯಲ್ಲಿ ಫೋನು ಇಟ್ಟಿದ್ದೇವೆ, ಎಲ್ಲಿ ಇದ್ದೇವೆ, ಯಾವ ವಿಡಿಯೊವನ್ನು ಎಷ್ಟು ಹೊತ್ತು ನೋಡಿದೆವು, ಇದೆಲ್ಲ ನೋಡಿಕೊಂಡು ಮುಂದಿನದನ್ನು ತೋರಿಸುವುದು ಈ ಆ್ಯಪುಗಳ ರೀತಿ. ಅಬ್ಬೆಯ ಫೋನು ಇಂಗ್ಲಿಷಿನಲ್ಲಿತ್ತು, ಇರುವ ಜಾಗ ಕೇರಳ. ಹಾಗಾಗಿ ಬರುತ್ತಿದ್ದ ಸುದ್ದಿ, ಜಾಹೀರಾತು ಹೆಚ್ಚಿನದು ಮಲಯಾಳದಲ್ಲಿ. ನನ್ನ ಬಾಲ್ಯದಲ್ಲಿ ನಮ್ಮ ಮನೆಯ ರೇಡಿಯೊ ಹೀಗಿರಲಿಲ್ಲ. ಮಂಗಳೂರು ಆಕಾಶವಾಣಿ ಹಾಕಿದರೆ ಬರುತ್ತಿತ್ತು. ಅಪ್ಪ ರಾತ್ರಿ ತಾಳಮದ್ದಳೆ ಕೇಳುತ್ತ ಅಡಿಕೆ ಸುಲಿಯುತ್ತಿದ್ದರು. ನೀವು ಯಾವ ರಾಜ್ಯದವರು ಅಂತ ರೇಡಿಯೊ ಕೇಳುತ್ತಿರಲಿಲ್ಲ.

ನಕ್ಷೆಯಲ್ಲೂ ಹಾಗೇ. 'ಬದಿಯಡ್ಕ' ಮಲಯಾಳದಲ್ಲಿ 'ಬದಿಯಡುಕ್ಕ' ಆಗುತ್ತದೆ, 'ಕುಂಬಳೆ' 'ಕುಂಬಳ' ಆಗುತ್ತದೆ. ಅವರ ಬಾಯಿಗೆ ಅದು ಸಹಜ, ತಪ್ಪು ಹೇಳುವುದಿಲ್ಲ. ಆದರೆ ಅಡ್ಕ ಅಂದರೆ ಮುರಕಲ್ಲಿನ ಮೇಲಿನ ಹುಲ್ಲುಬಯಲು. ಉಕ್ಕಿನಡ್ಕ ಎಂಬ ಹೆಸರಿನಲ್ಲೂ ಅದೇ ಇದೆ. ಹೆಸರು ಆಚೀಚೆ ಆದರೆ ಊರಿನ ನೆಲ ಹೇಗಿತ್ತು ಅಂತ ಹೇಳುವ ಗುರುತೇ ಹೋಗುತ್ತದೆ. ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ ನಕ್ಷೆಯಲ್ಲಿ ಒಂದೇ ಊರಿಗೆ ಕನ್ನಡದ ಹೆಸರು, ಮಲಯಾಳದ ಹೆಸರು ಎರಡನ್ನೂ ಬೇರೆ ಬೇರೆಯಾಗಿ ಸೇರಿಸಲು ಬರುತ್ತದೆ, ಯಾರು ಬೇಕಾದರೂ ಸೇರಿಸಬಹುದು. ಅಂಗಡಿಗೆ ಪ್ರಾಜೆಕ್ಟ್ ಪ್ರಿಂಟಿಗೆ ಬರುವ ಕಾಲೇಜು ಮಕ್ಕಳಿಗೆ ಇದನ್ನು ಹೇಳುತ್ತಿದ್ದೇನೆ.

ಇದನ್ನು ಮಲಯಾಳದ ಮೇಲಿನ ಜಗಳ ಅಂತ ಯಾರೂ ತಿಳಿಯಬಾರದು. ನನ್ನ ಅಂಗಡಿಯ ಪಕ್ಕದ ಬೇಕರಿಯವರು ಮಲಯಾಳಿ. ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಅವರ ಮಕ್ಕಳೂ ಮಲಯಾಳವನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯುವುದು. ಅವರ ಉಮ್ಮನಿಗೂ ನನ್ನ ಅಬ್ಬೆಯದೇ ಕತೆ. ಹಿಂದೊಮ್ಮೆ ನನ್ನ ಮಗಳು ತನ್ನ ಶಾಲೆಯ ವಾರ್ಷಿಕೋತ್ಸವದ ಯಕ್ಷಗಾನದ ತುಣುಕನ್ನು ಹಾಕಿದ್ದಳು. ಕೆಳಗೆ ಒಬ್ಬ, ಕೇರಳದವರಿಗೆ ಕನ್ನಡ ಯಾಕೆ ಅಂತ ಬರೆದಿದ್ದ. ಇನ್ನೊಬ್ಬ, ಕನ್ನಡ ಬೇಕಾದರೆ ಕರ್ನಾಟಕಕ್ಕೆ ಹೋಗಿ ಅಂತ. ಇಬ್ಬರ ಊರೂ ನಮ್ಮದಲ್ಲ. ಮಗಳು ಅತ್ತಳು, ವಿಡಿಯೊ ತೆಗೆದುಬಿಟ್ಟಳು. ತೆಗೆಯಬೇಡ ಅಂತ ನಾನು ಹೇಳಬೇಕಿತ್ತು, ಹೇಳಲಿಲ್ಲ. ಆ ವಿಷಯ ಇಲ್ಲಿಗೇ ಬಿಡುತ್ತೇನೆ. ಅಪರಿಚಿತರ ಬಾಯಿ ಮುಚ್ಚಿಸಲು ನನ್ನಿಂದಾಗದು. ನಮ್ಮ ಮನೆಯ ಗ್ರೂಪು ನಮ್ಮ ಕೈಯಲ್ಲಿದೆ.

ವಿಟ್ಲದ ಉತ್ತರಕ್ರಿಯೆ ಮುಗಿಸಿ ಬಂದ ದಿನ ನಾನು ಗ್ರೂಪಿನಲ್ಲಿ ನಡೆದದ್ದೆಲ್ಲ ಬರೆದೆ, ಕನ್ನಡ ಅಕ್ಷರದಲ್ಲಿ. ಇನ್ನು ಮುಂದೆ ಇಲ್ಲಿ ಕನ್ನಡದಲ್ಲೇ ಬರೆಯೋಣ, ಆಗದವರು ಬಾಯಲ್ಲಿ ಹೇಳಿ ಕಳಿಸಿ ಅಂದೆ. ಕೆಲವರು ತಕ್ಷಣ ಒಪ್ಪಿದರು. ಕೆಲವರು ಸಮಯ ಇಲ್ಲ ಅಂದರು. ಪುಣೆಯ ಮಾಣಿ, "ಅತ್ತೆ, ನಂಗೆ ಒತ್ತಕ್ಷರ ಹುಡುಕುವುದರಲ್ಲಿ ಮೀಟಿಂಗ್ ಮುಗೀತದೆ" ಅಂದ. ಅವನಿಗೆ ಫೋನಿನಲ್ಲೇ ತೋರಿಸಿಕೊಟ್ಟೆ. ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡವಾಗಿ ಮೂಡುವ ಕೀಲಿಮಣೆ ಇದೆ, ಅವನು ಒತ್ತುತ್ತಿದ್ದ ಅಕ್ಷರಗಳನ್ನೇ ಒತ್ತಿದರೆ ಸಾಕು. ಗೂಗಲಿನ ಕೀಲಿಮಣೆಯಲ್ಲಿ 2017 ರಿಂದ ಮೈಕ್ ಒತ್ತಿ ಮಾತಾಡಿದರೆ ಕನ್ನಡದಲ್ಲಿ ಬರೆದುಕೊಳ್ಳುವ ಸೌಕರ್ಯವೂ ಇದೆ. ನಮ್ಮ ಹವ್ಯಕ ಅದಕ್ಕೆ ಪೂರ್ತಿ ತಿಳಿಯುವುದಿಲ್ಲ. "ಆನು ಬತ್ತೆ" (ನಾನು ಬರುತ್ತೇನೆ) ಅಂದರೆ "ಅನು ಭತ್ತ" ಅಂತ ಬರೆದಿತ್ತು. ತಿದ್ದಿಕೊಂಡರಾಯಿತು.

ನನಗೆ ಆಶ್ಚರ್ಯವಾದದ್ದು ತ್ರಿಶ್ಶೂರಿನಲ್ಲಿ ಬೆಳೆದ ಅಕ್ಕನ ಮಗಳು. ಅವಳು ಶಾಲೆಯಲ್ಲಿ ಕಲಿತದ್ದು ಮಲಯಾಳ. ಮನೆಯಲ್ಲಿ ಹವ್ಯಕ ಚೆನ್ನಾಗಿ ಮಾತಾಡುತ್ತಾಳೆ, ಕನ್ನಡ ಅಕ್ಷರ ಮಾತ್ರ ಒಂದೂ ಗೊತ್ತಿರಲಿಲ್ಲ. ಅವಳೇ ಎಲ್ಲರಿಗಿಂತ ಬೇಗ ಕಲಿತಳು. ಎರಡು ಭಾಷೆಯ ವರ್ಣಮಾಲೆಯ ಸಾಲು ಒಂದೇ ಕ್ರಮದಲ್ಲಿದೆ, ಆಕಾರ ಗುರುತು ಹಿಡಿದರೆ ಸಾಕು. 'ಲ' ಮತ್ತು 'ಳ' ಬೆಂಗಳೂರಿನ ಮಕ್ಕಳಿಗೆ ಗೊಂದಲ, ಅವಳಿಗೆ ಇಲ್ಲ. ಹಳೆಗನ್ನಡದಲ್ಲಿದ್ದು ನಮ್ಮಿಂದ ಕಳೆದುಹೋದ 'ೞ' ಎಂಬ ವ್ಯಂಜನ ಮಲಯಾಳದಲ್ಲಿ ಇನ್ನೂ ಬದುಕಿದೆ, ಅದೂ ಅವಳ ನಾಲಿಗೆಯಲ್ಲಿ ಸಲೀಸು. ಒಂದು ತಿಂಗಳಾಗುವಾಗ ಅಜ್ಜಿಗೆ ಪತ್ರೊಡೆ ಮಾಡುವ ಕ್ರಮ ಕೇಳಿ ಏಳು ಸಾಲು ಬರೆದಳು.

ಅಬ್ಬೆಯ ಫೋನಿನಲ್ಲಿ ನಾನು ಮಾಡಿದ್ದು ಇಷ್ಟು. ಸೆಟ್ಟಿಂಗ್ಸ್‌ಗೆ ಹೋಗಿ ಫೋನಿನ ಭಾಷೆಯನ್ನೇ ಕನ್ನಡ ಮಾಡಿದೆ. ಅಕ್ಷರ ದೊಡ್ಡದು ಮಾಡಿದೆ. ಹೆಸರುಗಳನ್ನೆಲ್ಲ ಕನ್ನಡದಲ್ಲಿ ಸೇವ್ ಮಾಡಿದೆ. ಈ ಕೊನೆಯದು ಮುಖ್ಯ ಅಂತ ನನಗೆ ಮೊದಲು ಹೊಳೆದಿರಲಿಲ್ಲ. ಹೆಸರುಗಳು ಇಂಗ್ಲಿಷಿನಲ್ಲಿದ್ದ ಕಾರಣ ಅಬ್ಬೆ ಅಷ್ಟು ವರ್ಷ ಮುಖದ ಫೋಟೊ ನೋಡಿಯೇ ಯಾರು ಅಂತ ಗುರುತಿಸುತ್ತಿದ್ದಳು. ಒಬ್ಬ ಮೊಮ್ಮಗ ತನ್ನ ಫೋಟೊ ತೆಗೆದು ಫುಟ್‌ಬಾಲ್ ಆಟಗಾರನದ್ದು ಹಾಕಿದ ಮೇಲೆ ಅವನ ಕರೆಯನ್ನು ತೆಗೆಯುವುದೇ ಬಿಟ್ಟಿದ್ದಳು. ಯಾರೋ ಗುರುತಿಲ್ಲದವರು ಅಂತ. ಅಜ್ಜಿಗೆ ನನ್ನ ಮೇಲೆ ಕೋಪ ಅಂತ ಆ ಹುಡುಗ ತಿಳಿದಿದ್ದ.

ಸಂಪಾದಕರೇ, ನಿಮ್ಮಲ್ಲಿ ನನ್ನ ಬೇಡಿಕೆ ಒಂದೇ. ವಾರಕ್ಕೊಮ್ಮೆ ಪತ್ರಿಕೆಯಲ್ಲಿ ಅಂಗೈಯಗಲ ಜಾಗ ಕೊಡಿ. ಫೋನಿನಲ್ಲಿ ಕನ್ನಡ ಇಡುವುದು ಹೇಗೆ, ಒತ್ತಕ್ಷರ ಹಾಕುವುದು ಹೇಗೆ, ಹೆಸರು ಸೇವ್ ಮಾಡುವುದು ಹೇಗೆ ಅಂತ ಚಿತ್ರ ಸಮೇತ ಹಾಕಿ. ಇಂಟರ್‌ನೆಟ್‌ನಲ್ಲಿ ಇದೆಲ್ಲ ಸಿಗುತ್ತದೆ ಅಂತ ಕೆಲವರು ಹೇಳಬಹುದು. ಇಂಟರ್‌ನೆಟ್‌ನಲ್ಲಿ ಹುಡುಕಲು ಬರುವವರಿಗೆ ಇದು ಬೇಡ. ಪೇಪರನ್ನು ಮಾತ್ರ ನಂಬಿ ಓದುವವರಿಗೆ ಬೇಕು, ಅವರು ಅದನ್ನು ಕತ್ತರಿಸಿ ಕನ್ನಡಕದ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತಾರೆ. ನಮ್ಮ ಕಡೆ ಕನ್ನಡ ಶಾಲೆಗೆ ಹೋಗುವ ಮಕ್ಕಳು ಕಡಿಮೆಯಾಗುತ್ತಿದ್ದಾರೆ, ಪ್ರಶ್ನೆಪತ್ರಿಕೆಯ ಪ್ರತಿ ತೆಗೆಯುವಾಗ ನನಗೇ ಗೊತ್ತಾಗುತ್ತದೆ. ಎಷ್ಟೋ ಮಕ್ಕಳು ಕನ್ನಡ ಅಕ್ಷರ ನೋಡುವ ಜಾಗ ಇನ್ನು ಮನೆಯ ಗ್ರೂಪು ಒಂದೇ.

ಓದುಗರಲ್ಲೂ ಒಂದು ಮಾತು. ಇವತ್ತು ನಿಮ್ಮ ಮನೆಯ ಗ್ರೂಪು ತೆರೆದು ನೋಡಿ. ಎಲ್ಲದಕ್ಕೂ ಬರೀ ಕೈ ಮುಗಿಯುವ ಹಿರಿಯರು ಯಾರಾದರೂ ಇದ್ದಾರಾ ಅಂತ. ಇದ್ದರೆ ಒಮ್ಮೆ ಅವರ ಹತ್ತಿರ ಕೂತು, ಬರೆದದ್ದು ಓದಲು ಬರುತ್ತದಾ ಅಂತ ಕೇಳಿ.

ಅಬ್ಬೆ ಟೈಪ್ ಮಾಡಲು ಎರಡು ತಿಂಗಳು ತೆಗೆದುಕೊಂಡಳು. ತೋರುಬೆರಳು ಒಂದರಲ್ಲೇ, ಸ್ಲೇಟಿನ ಮೇಲೆ ತಿದ್ದುವ ಹಾಗೆ ಒತ್ತುತ್ತಾಳೆ. ಮೊದಲ ಮಾತು 'ಉಂಡತ' ಅಂತ ಬಂತು, ದೀರ್ಘ ಎಲ್ಲಿದೆ ಅಂತ ಸಿಕ್ಕಿರಲಿಲ್ಲ. 30 ಜನವೂ 'ಉಂಡಾತು' ಅಂತ ಉತ್ತರ ಬರೆದರು. ಅವತ್ತು ಏಕಾದಶಿ, ನಾನು ಉಂಡಿರಲಿಲ್ಲ. ಆದರೂ ಬರೆದೆ.

ಕಳೆದ ವಾರ ಪುಣೆಯ ಮಾಣಿ ತಾನೇ ಟೈಪ್ ಮಾಡಿ ಕೇಳಿದ್ದ. "ಅಜ್ಜಿ, ಹಳಸಿನ ಹಪ್ಪಳ ಇದ್ದರೆ ಕಳಿಸಿ." ಐದು ನಿಮಿಷ ಕಳೆದು ಅಬ್ಬೆಯ ಉತ್ತರ ಬಂತು. "ಹಲಸಿನ. ಲ. ಹಳಸಿದ್ದು ನಮ್ಮಲ್ಲಿ ಇಲ್ಲೆ." ಮರುದಿನ ನನ್ನ ಅಂಗಡಿಗೆ ಒಂದು ಕಟ್ಟು ಹಪ್ಪಳ ಬಂತು, ಪುಣೆಗೆ ಪಾರ್ಸೆಲ್ ಮಾಡಲು. ಮೇಲೆ ಒಂದು ಚೀಟಿ ಅಂಟಿಸಿದ್ದಳು. ನಿಮ್ಮ ಪತ್ರಿಕೆಯ ಅಂಚು ಹರಿದು, ಪೆನ್ಸಿಲಿನಲ್ಲಿ ದೊಡ್ಡದಾಗಿ 'ಲ' ಅಂತ ಬರೆದು.

ಇತಿ,
ನಿಮ್ಮ ಪತ್ರಿಕೆಯ ಓದುಗಳು,
ಬದಿಯಡ್ಕ, ಕಾಸರಗೋಡು ಜಿಲ್ಲೆ